ಲ ಒತ್ತು

ಆ ಗುರುವಾರ ನಮ್ಮ ಕೇಸಿನಲ್ಲಿ
ಲ ಒತ್ತಿನ ಮೊಳೆ ಮುಗಿದಿತ್ತು.
ಬೆಳಿಗ್ಗೆ ಬಂದರಿನ ಜವಳಿಯಂಗಡಿಯ ನೋಟೀಸು –
ಸಾಲ ಇಲ್ಲ, ಚೌಕಾಸಿ ಇಲ್ಲ, ಕೊಂಡದ್ದು ವಾಪಸಿಲ್ಲ –
ಇದ್ದಬದ್ದ ಇಲ್ಲಗಳನ್ನೆಲ್ಲ ನುಂಗಿ
ಚೌಕಟ್ಟಿನೊಳಗೆ ಗಟ್ಟಿಯಾಗಿ ಕೂತಿತ್ತು.

ನನಗೆ ಹದಿನೇಳು. ಬಲ್ಮಠದ ಗುಡ್ಡದಡಿ
ಹೆಂಚಿನ ಮಾಡಿನ ಸಣ್ಣ ಅಚ್ಚುಕೂಟ.
ಬೆರಳಿಗೆ ಸೀಸ, ಅಂಗಿಗೆ ಸೀಮೆಎಣ್ಣೆ,
ಹೊಟ್ಟೆಯಲ್ಲಿ ಹನ್ನೊಂದರ ಗಂಜಿಯ ಧ್ಯಾನ.
ದೃಢೀಕರಣದ ಮಕ್ಕಳಿಗೆ ಪ್ರಶ್ನೋತ್ತರದ ಪುಸ್ತಿಕೆ,
ಮುನ್ನೂರು ಪ್ರತಿ, ಶನಿವಾರದೊಳಗೆ.
ಮಗನ ಕುರಿತ ಸಾಲಿಗೆ ಬಂದೆ:
ತಂದೆಯಿಂದ ಹುಟ್ಟಿದವನು, ಸೃಷ್ಟಿಯಾದವನಲ್ಲ.
ಒತ್ತಿಲ್ಲ.
‘ನು’ ಮಾತ್ರ ಗೂಡು ತುಂಬ ಇತ್ತು.
ಸೃಷ್ಟಿಯಾದವನು ಅಂತ ಜೋಡಿಸಿ
ಸಾಲು ಬಿಗಿ ಮಾಡಿದೆ. ಚೆನ್ನಾಗಿಯೇ ಕಂಡಿತು.

ಕರಡು ನೋಡುವ ಯೂನೀಸತ್ತೆಗೆ ಅಂದು ಚಳಿಜ್ವರ.
ಮುನ್ನೂರೂ ಅಚ್ಚಾಯಿತು.

ಶುಕ್ರವಾರ ಸಂಜೆ ಶಾಲು ಹೊದ್ದು ಬಂದವಳು
ಒಂದು ಪ್ರತಿ ತೆರೆದು ಓದಿ
ಸಾವಿನ ಸುದ್ದಿ ಕೇಳಿದವಳಂತೆ ಸ್ಟೂಲಿನ ಮೇಲೆ ಕೂತಳು.
‘ಯಾರಿಗೆ ಗೊತ್ತಾಗ್ತದೆ ಅತ್ತೆ?
ಮಕ್ಕಳು ಬಾಯಿಪಾಠ ಮಾಡ್ತಾರೆ, ಅಷ್ಟೆ.’
ಬೈಯಲಿಲ್ಲ ಅವಳು.
‘ನಿನ್ನ ಅಪ್ಪ ತೀರಿದಾಗ ಕಾರ್ಖಾನೆಯ ಧಣಿ ಏನು ಮಾಡಿದ?’
‘ಆಳಿನ ಕೈಲಿ ಒಂದು ಮುಡಿ ಅಕ್ಕಿ ಕಳಿಸಿದ.’
‘ಅಕ್ಕಿ ಒಳ್ಳೆಯದಿತ್ತೋ?’
‘ಒಳ್ಳೆಯ ಕುಚ್ಚಲಕ್ಕಿ.’
‘ಧಣಿ ಬಂದನೋ?’
‘ಇಲ್ಲ.’
‘ಆ ಇಲ್ಲಕ್ಕೆ ಒತ್ತು ಉಂಟಲ್ಲ ಮಗಾ?
ನೀನು ಅಚ್ಚು ಮಾಡಿದ ದೇವರೂ ಹಾಗೇ.
ಆಳನ್ನು ಕಳಿಸಿದ್ದಾನೆ. ತಾನು ಬಂದಿಲ್ಲ.’

ರಾತ್ರಿಯಿಡೀ ಬಲ್ಬಿನ ಕೆಳಗೆ
ಅವಳು ಪೆನ್ನಿನಲ್ಲಿ ತಿದ್ದಿದಳು, ನಾನು ಒತ್ತುಕಾಗದ ಹಿಡಿದೆ.
ನಡುವೆ ಎರಡು ಸಲ ಕಷಾಯ.
ಇನ್ನೂರು ದಾಟಿದ ಮೇಲೆ ಕೈ ನಡುಗಿ
ಒತ್ತುಗಳಿಗೆ ಬಾಲ ಬಂತು.
ಒಂದನ್ನೂ ಬಿಡಲಿಲ್ಲ.

ಉತ್ತರ ಸರಿಯಿದ್ದವರೆಲ್ಲ ಸರಿ ಎಂದು ನಾನು ಹೇಳಲಾರೆ.
ನೂರು ಪ್ರಶ್ನೆಗೂ ತಡವರಿಸದ ಬಾಯೊಂದು
ಎರಡು ತಿಂಗಳು ನನ್ನ ಸಂಬಳ ತಡೆಹಿಡಿದದ್ದುಂಟು.
ನಾಲ್ಕನೆಯ ಬೆಂಚಿನಲ್ಲಿ ಅರ್ಧ ಪ್ರಸಂಗಗಳಿಗೆ
ನಾನೂ ನಿದ್ದೆ ಹೋದವನೇ.

ಆದರೆ ಹನ್ನೊಂದು ವರ್ಷದ ಮೇಲೆ
ವೆನ್ಲಾಕಿನ ಮಕ್ಕಳ ವಾರ್ಡಿನಲ್ಲಿ
ನಾಲ್ಕರ ದೊರ್ಕಾ ಉಸಿರಿಗೆ ಎಳೆಯುತ್ತಿದ್ದಾಗ
ಬಂದವರೊಬ್ಬರು ಹೇಳಿದರು, ದೇವರು ಪರೀಕ್ಷೆ ಕಳಿಸಿದ್ದಾನೆ.
ಇನ್ನೊಬ್ಬರು, ಗುಣ ಕಳಿಸುತ್ತಾನೆ,
ನಿಮ್ಮ ವಿಶ್ವಾಸ ಸ್ವಲ್ಪ ಸಾಲದು.
ಕಿತ್ತಳೆ ಇಟ್ಟು ಹೋದರು.
ಕಳಿಸುವುದು, ಕಳಿಸುವುದು.
ಬಾಗಿಲಲ್ಲಿ ಮತ್ತೆ ಅದೇ ಆಳು, ಅದೇ ಮುಡಿ.

ನಡುರಾತ್ರಿ ಪ್ರಾರ್ಥನೆ ಒಂದೂ ಬರಲಿಲ್ಲ.
ಬಂದದ್ದು ಒಂದು ಸಾಲು, ಪೆನ್ನಿನಲ್ಲಿ ತಿದ್ದಿದ್ದು,
ಬಾಲವಿದ್ದ ಒತ್ತಿನದು.
ಸೃಷ್ಟಿಯಾದವನಲ್ಲ.
ಮಂಚದ ಬದಿಗೆ, ಚಾಪೆಯಿಲ್ಲದ ನೆಲದ ಮೇಲೆ
ಯಾರನ್ನೋ ಕಂಡೆ ಎಂದರೆ ಸುಳ್ಳಾದೀತು.
ನೆಲ ಖಾಲಿಯಿರಲಿಲ್ಲ,
ಇಷ್ಟು ಮಾತ್ರ ಹೇಳಬಲ್ಲೆ.

ಬೆಳಗಾಗುವಾಗ ಮಗು ಇರಲಿಲ್ಲ.
ಆ ಇಲ್ಲಕ್ಕೂ ಒತ್ತಿತ್ತು.
ಅದನ್ನು ಯಾವ ಪುಸ್ತಿಕೆಯೂ ಅಳಿಸಿಕೊಡಲಿಲ್ಲ.
ಆದರೆ ಅಪ್ಪ ಸತ್ತ ದಿನದ ನಮ್ಮ ಜಗಲಿಯಂತೆ
ಇರಲಿಲ್ಲ ಆ ವಾರ್ಡು.

ಅಚ್ಚುಕೂಟ ಮುಚ್ಚಿದಾಗ ಸೀಸ ತೂಕಕ್ಕೆ ಹೋಯಿತು.
ಒಂದನ್ನು ನಾನು ಉಳಿಸಿಕೊಂಡೆ.
ಮರಕ್ಕೆ ಹೊಡೆಯುವುದಕ್ಕೂ ಅಕ್ಷರಕ್ಕೂ
ನಮ್ಮಲ್ಲಿ ಒಂದೇ ಹೆಸರು: ಮೊಳೆ.
ತಿಂಗಳ ಮೊದಲ ಭಾನುವಾರ, ರೊಟ್ಟಿ ಮುರಿಯುವ ಮುಂಚೆ
ಸಭೆಯೆಲ್ಲ ಎದ್ದು ನಿಂತು ಆ ಸಾಲಿಗೆ ಬರುವಾಗ
ಜೇಬಿನೊಳಗೆ ಅದನ್ನು ಹೆಬ್ಬೆರಳಿಗೆ ಒತ್ತುತ್ತೇನೆ.
ಉಲ್ಟಾ ಕೆತ್ತಿದ್ದು ಚರ್ಮದ ಮೇಲೆ ಸರಿಯಾಗಿ ಮೂಡುತ್ತದೆ,
ಸ್ವಲ್ಪ ಹೊತ್ತು.
ಗೇಟು ದಾಟುವಷ್ಟರಲ್ಲಿ ಮಾಸುತ್ತದೆ.
ಮುಂದಿನ ತಿಂಗಳು ಮತ್ತೆ ಒತ್ತಬೇಕು.