ಹೊಟ್ಟೆ ಸೀಳಿದ ಅಕ್ಷರ

ಪ್ರಿನ್ಸಿಪಾಲರ ಖೋಲಿ ಗ್ವಾಡಿಗೆ ಸಾಗವಾನಿ ಹಲಗಿ,
ಅದರ ಮ್ಯಾಲ ಹದಿಮೂರು ಹೆಸರು;
ಮೊದಲಿನ ನಾಲ್ಕು ನಮ್ಮಪ್ಪ ಬರದದ್ದು, ಉಳಿದವು ನಾನು.
ಎಲ್ಲರ ಬಾಲಕ್ಕೂ ಒಂದೊಂದು ಊರು:
ಮಾಡಿಯಾಳ, ಕಮಲಾಪುರ, ನಿಂಬರ್ಗಿ,
ಬಸ್ಸಿನ ಬೋರ್ಡು ಬರದಂಗ ಬರಕೋತ ಬಂದೀನಿ.

ಹದಿನಾಲ್ಕನೇದಕ್ಕ ಕ್ಲಾರ್ಕ್ ಸಿದ್ರಾಮ ಚೀಟಿ ಕೊಟ್ಟ:
ಡಾ. ಮನಸರಾ ಬೂಢಾ.
ಇದ್ಯಾವ ಊರೋ, ಅಂದೆ.
ಊರಲ್ಲೋ ಮೌಲಾಲಿ, ಬಹಾದೂರನ ಮಗಳು.

ಬಹಾದೂರ! ಅದು ನಮ್ಮ ಓಣಿ ಅವನಿಗೆ ಇಟ್ಟ ಹೆಸರು,
ಖರೇ ಹೆಸರು ಯಾರೂ ಕೇಳಿರಲಿಲ್ಲ.
ಸೂಪರ್ ಮಾರ್ಕೆಟ್ಟಿನಿಂದ ಗಂಜ್ ತನಕ
ರಾತ್ರಿ ಎರಡಕ್ಕ ಅವನ ಸೀಟಿ, ಹಿಂದಿಂದ ಕೆಮ್ಮು,
ಶಹಾಬಾದ ಕಲ್ಲಿನ ಮ್ಯಾಲ ಕೋಲಿನ ಟಕ್.
ಒಂದನೇ ತಾರೀಖು ಮನಿ ಮುಂದ ಬಂದು ನಿಂತರ
ಐದು ರೂಪಾಯಿ; ಕೆಲವರು, ನಾಳೆ ಬಾ.
ಬೆನ್ನ ಹಿಂದ ಆರು ವರ್ಷದ ಪೋರಿ,
ಕಲಬುರಗಿ ಬಿಸಿಲಿಗೆ ಗಲ್ಲದ ಚರ್ಮ ಸುಲಿದಿತ್ತು,
ರೊಟ್ಟಿ ಬಡಿಯೋ ಸಪ್ಪಳಕ್ಕ ಹೆದರಿ
ಅಪ್ಪನ ಅಂಗಿ ಹಿಡಕೋತಿತ್ತು.

ಆಕಿ ಕನ್ನಡ ವ್ಯಾಕರಣ ಕಲಸ್ತಾಳಂತ ಕೇಳಿದಾಗ
ಚಾದಂಗಡ್ಯಾಗ ನಕ್ಕೇವಿ. ನಾನೂ ನಕ್ಕೀನಿ.
ಡೊಮಿಸೈಲ್ ಎಲ್ಲಿ, ಜೆ ಕಲಂ ಹತ್ತತದೇನು, ಯಾವ ಮಂದಿ,
ಸಂಸ್ಥೆಯ ಮೀಟಿಂಗಿನ್ಯಾಗ ಮೂರು ತಾಸು ಇದೇ ಆತಂತ.
ಸೀನಿಯಾರಿಟಿ ಪಟ್ಟಿ ಏನೂ ಮಾತಾಡಲಿಲ್ಲ,
ಆಕಿ ಹೆಸರು ಮ್ಯಾಲಿತ್ತು, ಅಷ್ಟೆ.

ಹಳದಿ ಬಣ್ಣ ಕಲಸಿ ಬರದೆ: ಬುಡಾ.
ಆಕಿ ಬಂದು ನಿಂತಳು. ಚಪ್ಪಲ್ ಬಿಟ್ಟಳು.
ಮೌಲಾಲಿ ಅವರೇ, ಮಹಾಪ್ರಾಣ ಎಲ್ಲಿ?
ನಮ್ಮ ಕಡಿ ಅದು ಯಾರೂ ಅನ್ನಂಗಿಲ್ರಿ ಮೇಡಂ.
ಅನ್ನದಿದ್ರ ಬಿಡ್ರಿ. ಬರೀಬೇಕು.

ಸ್ಟೂಲ್ ಏರಿ, ನನ್ನ ಬ್ರಶ್ ಇಸಕೊಂಡು
ಬು ದ ಕೊಂಬು ಉದ್ದ ಎಳೆದಳು,
ಡ ದ ಹೊಟ್ಟಿ ಸೀಳಿದಳು,
ಸಾಲಿ ಮಾಸ್ತರು ಹೇಳ್ತಿದ್ದಂಗ, ಅಗದಿ ಸಣ್ಣ ಗೀಟು.
ಒಮ್ಮೆ ಅಂದೂ ನೋಡಿದಳು,
ನನಗಲ್ಲ, ಸಿದ್ರಾಮಗಲ್ಲ.
ಉಸಿರು ಎದಿಯಿಂದ ಎದ್ದು ಅಂಗಳಕ್ಕ ಬಡಿದು
ಸೀಟಿ ಆಗಲಿಕ್ಕೆ ಬಂದು, ಆಗಲಿಲ್ಲ.
ಓಣ್ಯಾಗ ಅದು ನಿಂತು ಹನ್ನೊಂದು ವರ್ಷ.

ಹಸಿ ಬಣ್ಣ ಆಕಿ ನಿರಗಿಗೆ ಹತ್ತಿತ್ತು. ಹೇಳಲಿಲ್ಲ.
ಬಿಲ್ಲು ಮಾಡುವಾಗ ಸಿದ್ರಾಮ ಕೇಳಿದ, ಎಷ್ಟು ಅಕ್ಷರ?
ಒಂದು ಕಮ್ಮಿ ಹಿಡಿ, ಅಂದೆ.
ಅದು ನಂದಲ್ಲ.