ಬಡ್ಡಿಯ ಕಾಲಂ

ಶನಿವಾರ ಬಟವಾಡೆ ಮುಗಿದ ಮೇಲೆ
ಲೈನುಮನೆಯ ಮೂರನೇ ಜಗಲಿಯಲ್ಲಿ ಸಂಘದ ಸಭೆ.
ಹದಿನಾಲ್ಕು ಹೆಂಗಸರು, ತಲಾ ಐವತ್ತು ರೂಪಾಯಿ.
ಕೈಗೆ ಕಾಫಿಹಣ್ಣಿನ ಅಂಟು, ನೋಟಿಗೂ ಅಂಟು.
ಲೆಕ್ಕ ಬರೆಯುವವಳು ನಾನು, ಸುಹರಾ,
ಏಳನೇ ಕ್ಲಾಸು. ಅಕ್ಷರ ಮಾತ್ರ ದುಂಡಗೆ.

ಸಾಲ ಕೇಳುವವರ ಕಾರಣಗಳೆಲ್ಲ ನನಗೆ ಬಾಯಿಪಾಠ:
ಹೆರಿಗೆ, ಹಾರಿಹೋದ ಶೀಟು, ಆನೆ ಕೆಡವಿದ ಗೋಡೆ,
ಕಕ್ಕಡದಲ್ಲಿ ಕೆಲಸವಿಲ್ಲದ ಹೊಟ್ಟೆ.
ತೋಲನ ಮಗಳು ಮಿನಿ ಬಂದು ಹೇಳಿದ್ದು ಬೇರೆ:
ಎಂಎಸ್ಸಿ, ಮನಃಶಾಸ್ತ್ರ, ಎರಡನೇ ವರ್ಷ.
ಆಸ್ಪತ್ರೆಯಲ್ಲಿ ನಾಲ್ಕು ತಿಂಗಳ ತರಬೇತಿ,
ಕೆಲಸ ಪೂರ್ತಿ, ಸಂಬಳ ಇಲ್ಲ.
ಸ್ಕಾಲರ್‌ಶಿಪ್ಪಿನ ಅರ್ಜಿ ಆಗಸ್ಟಿನಿಂದ
'ಪರಿಶೀಲನೆಯಲ್ಲಿದೆ'.
ಮೊಬೈಲು ತೆರೆದು ತೋರಿಸಿದಳು.
ತೊಟ್ಟಿಲಿನ ಕೂಸನ್ನು ನೋಡುವ ಹಾಗೆ
ಹದಿನಾಲ್ಕು ತಲೆಗಳು ಬಾಗಿದವು.
ಅದು ಕಣ್ಣು ಬಿಡಲಿಲ್ಲ.

ಆದಾಯದ ಪತ್ರದಲ್ಲಿ ಅಪ್ಪನ ಹೆಸರು
ತೋಳ ಎಂದು ಬಿದ್ದಿತ್ತಂತೆ.
ಲ-ವನ್ನು ಳ ಮಾಡಿದ ಬೆರಳು ವಿರಾಜಪೇಟೆಯದು,
ತಿದ್ದಬೇಕಾದ ಬೆರಳು ಮಡಿಕೇರಿಯದು,
ನಡುವೆ ಬಸ್ಸಿನ ಚಾರ್ಜು ನಮ್ಮದು.
"ಕಾಡುಪ್ರಾಣಿಯ ಮಗಳಿಗೆ ಫೀಸು ಕೊಡಲು
ಅರಣ್ಯ ಇಲಾಖೆಗೇ ಹೋಗಬೇಕೇನೋ ಸುಹರಾತ್ತಾ,"
ಎಂದು ನಗಲು ನೋಡಿದಳು.

"ಹುಚ್ಚರ ಓದಾ ಅದು?" ರೋಸ್ಲಿನ್ ಕೇಳಿದಳು.
"ಹುಚ್ಚರದ್ದಲ್ಲ ಚೇಚಿ, ನಿದ್ದೆ ಬರದವರದ್ದು."
ಜಗಲಿ ತೆಪ್ಪಗಾಯಿತು.
ನಿದ್ದೆ ಬರುವವರು ಅಲ್ಲಿ ಯಾರಿದ್ದರು?

ಇಪ್ಪತ್ತು ಸಾವಿರ, ನೂರಕ್ಕೆ ಎರಡು, ಬರೆಯಹೊರಟೆ.
ಪೇಚಿಯಮ್ಮ ನನ್ನ ಮಣಿಕಟ್ಟು ಹಿಡಿದಳು.
"ಬಡ್ಡಿಗೆ ದುಡ್ಡು ಬೇಡ. ಊರಿಗೆ ಬಂದ ಭಾನುವಾರ
ಒಬ್ಬೊಬ್ಬರ ಮಾತು ಕೇಳಲಿ.
ಅದೇ ತಾನೇ ಇವಳು ಓದುತ್ತಿರುವುದು?"

ಮಿನಿ ಉಗುರು ಕಚ್ಚಿದಳು. ಆಗದು ಎಂದಳು.
ಉಂಡ ಮನೆಯವರಿಗೆ ಸಲಹೆಗಾರಳಾಗಬಾರದು,
ಪಾಠದ ಮೊದಲ ಕಟ್ಟು ಅದು.
ಕಟ್ಟು ಸರಿಯಾದದ್ದೇ, ನಾವೂ ಒಪ್ಪಿದೆವು.
ಪೇಚಿಯಮ್ಮ ಎಲೆಯಡಿಕೆ ಉಗಿದು ಬಂದು,
"ಕೂತು ಕೇಳಬೇಡ ಹಾಗಾದರೆ,
ಹಣ್ಣು ಕೊಯ್ಯುತ್ತಾ ಕೇಳು," ಅಂದಳು.

ಹಾಗೆ ಶುರುವಾಯಿತು.
ರಜೆಗೆ ಬಂದವಳು ಸೊಂಟಕ್ಕೆ ಚೀಲ ಬಿಗಿದು ಸಾಲಿಗಿಳಿಯುವಳು.
ರೊಬಸ್ಟಾ ಗಿಡದ ಆಚೆ ಒಬ್ಬಳು, ಈಚೆ ಇವಳು,
ನಡುವೆ ಎಲೆ. ಮುಖ ಕಾಣದು.
ಹಣ್ಣು ಬೀಳುವ ಸದ್ದು ಒಮ್ಮೊಮ್ಮೆ ನಿಂತುಬಿಡುತ್ತದೆ,
ಆಗ ಮೇಸ್ತ್ರಿ ಕೂಡ ಆ ಸಾಲಿನತ್ತ ಹೋಗುವುದಿಲ್ಲ.
ಏನು ಹೇಳುತ್ತಾಳೆ ಎಂದು ಗೌರಮ್ಮನನ್ನು ಕೇಳಿದೆ.
ಏನೂ ಹೇಳುವುದಿಲ್ಲವಂತೆ.
ಒಬ್ಬಳಿಗೆ ಮಾತ್ರ (ಯಾರೆಂದು ಬರೆಯಲಾರೆ)
ಜಿಲ್ಲಾಸ್ಪತ್ರೆಯ ಕೋಣೆ ನಂಬರು ಬರೆದುಕೊಟ್ಟು
ಬಸ್ಸಿನವರೆಗೂ ಜೊತೆಗೆ ನಡೆದಳು.

ಲೆಕ್ಕ ತನಿಖೆಗೆ ಬಂದ ಹುಡುಗ
ಬಡ್ಡಿಯ ಕಾಲಂ ಮೇಲೆ ಬೆರಳಿಟ್ಟ.
"ಇದೇನಮ್ಮಾ, ರೂಪಾಯಿ ಬರೆಯುವಲ್ಲಿ ಹೆಸರು?
ಪೇಚಿಯಮ್ಮ, ರೋಸ್ಲಿನ್, ಗೌರಮ್ಮ, ಮತ್ತೆ ಪೇಚಿಯಮ್ಮ?"
ಸಂದಾಯವಾದದ್ದು, ಎಂದೆ.
ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿ ಹೋದ.
ಈಗಲೂ ಇದೆ ಅಲ್ಲಿ, ಥೇಟು ಕಿವಿಯ ಹಾಗೆ.

ಕಾಳುಮೆಣಸಿನ ಕೊಯ್ಲಿನ ಹೊತ್ತಿಗೆ
ತೋಳ ಮತ್ತೆ ತೋಲನಾಗಿ ದುಡ್ಡು ಬಂತು, ಅರ್ಧ.
ಮಿನಿ ಅಸಲು ತಂದು ಎಣಿಸಿಟ್ಟಳು,
ಗರಿಗರಿ ನೋಟು, ಅಂಟಿಲ್ಲದ್ದು.
"ಲೆಕ್ಕ ಮುಗಿಸಿಬಿಡಿ ಸುಹರಾತ್ತಾ."

ಎಲ್ಲರೂ ಹೋದ ಮೇಲೆ ಪುಸ್ತಕ ಬಿಚ್ಚಿದೆ.
ಚುಕ್ತಾ. ಎರಡೇ ಅಕ್ಷರ.
ಬರೆದಿಲ್ಲ.
ಹೆಸರುಗಳನ್ನು ಎಣಿಸಿದೆ, ಪೇಚಿಯಮ್ಮನನ್ನು ಒಂದೇ ಸಲ ಹಿಡಿದು:
ಹದಿಮೂರು.
ಗೇಟಿನಾಚೆ ಸಿದ್ದಾಪುರದ ಕೊನೆಯ ಬಸ್ಸು
ಲೈಟು ತಿರುಗಿಸಿ ಹೋಯಿತು.
ಲೆಕ್ಕ ಬರೆಯುವವಳ ಸರದಿ ಎಲ್ಲರಾದ ಮೇಲೆ
ಎಂಬ ನಿಯಮ ಮಾಡಿದ್ದು ನಾನೇ.