ಹನ್ನೆರಡರ ಗಂಟೆ

ಬಿಳಿ ಸಾಸೇಜಿಗೆ ಕಿವಿಯಿದೆ ಅನ್ನುತ್ತಿದ್ದ ಕಟುಕ ಕೊರ್ಬಿನಿಯನ್.
ಚರ್ಚಿನ ಹನ್ನೆರಡರ ಗಂಟೆ
ಅದರ ಕಿವಿಗೆ ಬೀಳಬಾರದು,
ಅಷ್ಟರೊಳಗೆ ನಿಮ್ಮ ಹೊಟ್ಟೆಯಲ್ಲಿರಬೇಕು.
ಅವನಪ್ಪನ ಕಾಲದಲ್ಲಿ
ನಸುಕಿಗೆ ಅರೆದ ಎಳಗರುವಿನ ಮಾಂಸ
ಹಗಲೇರಿದರೆ ಹಳಸುತ್ತಿತ್ತು.
ಫ್ರಿಜ್ಜು ಬಂದು ಎಷ್ಟೋ ವರ್ಷವಾಯಿತು.
ಭಯ ಹೋಯಿತು, ನೇಮ ಉಳಿಯಿತು.

ಹನ್ನೆರಡೂ ಕಾಲಿಗೆ ಬಂದ ಗಿರಾಕಿಗೆ
'ನಾಳೆ ಬಾ' ಅಂದವನು,
ಮ್ಯೂನಿಕ್ಕಿನಿಂದ ಬಂದ ದೊರೆಯಾದರೂ ಸರಿ.
ಕೆಚಪ್ ಕೇಳಿದ ಹುಡುಗನಿಗೆ
ಬಾಗಿಲು ತೋರಿಸಿ, ಆಮೇಲೆ ಮನಸ್ಸು ತಡೆಯದೆ
ಬೀದಿಯ ಕೊನೆವರೆಗೂ ಓಡಿ
ಸಿಹಿ ಸಾಸಿವೆಯ ಡಬ್ಬಿ ಕೈಗಿಟ್ಟು ಬಂದವನು.

ನಾನು ಗಂಟೆಯವನು, ವೀಟುಸ್.
ಮೊದಲು ಹಗ್ಗವಿತ್ತು, ಅಂಗೈಯಲ್ಲಿ ಇನ್ನೂ ಅದರ ಗೆರೆಯಿದೆ.
ಈಗ ಗೋಡೆಗೊಂದು ಪೆಟ್ಟಿಗೆ, ಹಸಿರು ದೀಪ.
ಗಂಟೆಗೆ ಸರಿಯಾಗಿ ಗಂಟೆ ತಾನೇ ಹೊಡೆಯುತ್ತದೆ.
ನನಗುಳಿದ ಕೆಲಸ ಜೇಡರ ಬಲೆ ತೆಗೆಯುವುದು.

ನವೆಂಬರಿನಲ್ಲಿ ಅವನನ್ನು ಮಣ್ಣು ಮಾಡಿದೆವು.
ಹತ್ತೂವರೆಗೆ ಮುಗಿಯಬೇಕಿದ್ದ ಪ್ರಾರ್ಥನೆ
ಪಾದ್ರಿ ಎಮ್ಮೆರಾಮರ ಬಾಯಲ್ಲಿ ಬೆಳೆಯಿತು
(ಅಂಗಡಿಯಲ್ಲಿ ಅವರ ಲೆಕ್ಕ ಬಾಕಿಯಿತ್ತೋ ಏನೋ).
ಈಸಾರ್ ನದಿಯ ಮಂಜು ಗೋರಿಗಳ ನಡುವೆ ಕೂತಿತ್ತು.
ಬ್ಯಾಂಡಿನವರ ತುಟಿ ಹಿತ್ತಾಳೆಗೆ ಅಂಟಿ
ಒಂದೇ ಸ್ವರ ಎರಡು ಸಲ ಬಂತು.
ಎಲ್ಲರೂ ಎದುರಿನ ಹೋಟೆಲಿಗೆ ಬಂದು ಕೋಟು ಬಿಚ್ಚುವಾಗ
ಹನ್ನೊಂದೂ ಮುಕ್ಕಾಲು.

ಮಗಳು ವಾಲ್ಬುರ್ಗಾ ಅಡುಗೆಮನೆಯಲ್ಲಿದ್ದಳು.
ಅಪ್ಪನ ಯಂತ್ರದಲ್ಲಿ ಮೊದಲ ಸಲ ತಾನೇ ಅರೆದಿದ್ದಳು:
ಎಳಗರು, ಹಂದಿಯ ಬೆನ್ನುಕೊಬ್ಬು, ಪುಡಿ ಮಾಡಿದ ಐಸು,
ಪಾರ್ಸ್ಲಿ, ನಿಂಬೆಸಿಪ್ಪೆಯ ತುರಿ.
ಉಪ್ಪಿನ ಅಳತೆ ಅವನು ಬರೆದಿಟ್ಟಿರಲಿಲ್ಲ,
ಅವನ ಮುಷ್ಟಿಯೇ ಅಳತೆ.
ನೀರು ಕುದಿಯಬಾರದು, ಕುದಿದರೆ ಸಿಪ್ಪೆ ಸಿಡಿಯುತ್ತದೆ.
ಉರಿ ತಗ್ಗಿಸಿ, ಜ್ವರದ ಮಗುವಿನ ಪಕ್ಕ ಕೂತಂತೆ
ಕಾಯಬೇಕು.
ಕಾದಳು. ನೀರೂ ಕಾಯುತ್ತಿತ್ತು.
ಗಡಿಯಾರ ಮಾತ್ರ ಕಾಯಲಿಲ್ಲ.

ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿದಳು.
ಏನೂ ಕೇಳಲಿಲ್ಲ.
ಟೋಪಿ ಹಾಕಿಕೊಂಡೆ, ರಸ್ತೆ ದಾಟಿದೆ,
ಗೋಪುರದ ಮೆಟ್ಟಿಲು ಹತ್ತಿ ಪೆಟ್ಟಿಗೆ ತೆರೆದು
ಹಸಿರು ದೀಪ ಆರಿಸಿದೆ.

ಹನ್ನೆರಡಾಯಿತು. ಆಗಲಿಲ್ಲ.

ಕಿಂಡಿಯಿಂದ ಹೋಟೆಲಿನ ಕಿಟಕಿ ಕಾಣುತ್ತಿತ್ತು.
ಮುಚ್ಚಳವಿಟ್ಟ ಪಿಂಗಾಣಿ ಪಾತ್ರೆಗಳು ಮೇಜಿಗೆ ಬಂದವು,
ಆವಿಗೆ ಗಾಜು ಮಸುಕಾಯಿತು, ಯಾರೋ ತೋಳಿನಿಂದ ಒರೆಸಿದರು.
ಮುದುಕರು ತುದಿ ಕಚ್ಚಿ ಒಳಗಿನದನ್ನು ಹೀರುತ್ತಿದ್ದರು
ಮೊಲೆಗೂಸುಗಳ ಹಾಗೆ, ನಾಚಿಕೆಯಿಲ್ಲದೆ.
ಪಟ್ಟಣದಿಂದ ಬಂದ ಸೊಸೆಯಂದಿರು ಉದ್ದಕ್ಕೆ ಸೀಳಿ
ಸಿಪ್ಪೆ ಬಿಡಿಸುತ್ತಿದ್ದರು, ಕಾಲುಚೀಲ ಕಳಚಿದ ಹಾಗೆ.
ಪ್ರೆಟ್ಜೆಲಿನ ಉಪ್ಪು ಕರಿಕೋಟುಗಳ ಮೇಲೆ,
ಗೋಧಿ ಬಿಯರಿನ ನೊರೆ ಪಾದ್ರಿಯ ಮೂಗಿನ ಮೇಲೆ.
ಸತ್ತವನ ತಮ್ಮ ಲೆಯೋನ್‌ಹಾರ್ಡ್
ಬಾಯಿ ತುಂಬಿಕೊಂಡೇ ಅಳುತ್ತಿದ್ದ,
ಅಳುತ್ತಲೇ ಇನ್ನೊಂದಕ್ಕೆ ಕೈ ಚಾಚಿದ.
ಯಾರೂ ಕೈಗಡಿಯಾರ ನೋಡಲಿಲ್ಲ.
ನೋಡದೆ ಇರಲು ಪಡುವ ಕಷ್ಟ
ಅಷ್ಟೆತ್ತರಕ್ಕೂ ಕಾಣುತ್ತಿತ್ತು.

ಹತ್ತೊಂಬತ್ತು ನಿಮಿಷ.
ಪಾರಿವಾಳಗಳು ಗಂಟೆಯ ಮೇಲೆ ಕೂತು
ನನ್ನನ್ನೇ ನೋಡುತ್ತಿದ್ದವು.
ಕೊನೆಯ ಸಿಪ್ಪೆ ತಟ್ಟೆಯಂಚಿಗೆ ಬಿದ್ದ ಮೇಲೆ
ಗುಂಡಿ ಒತ್ತಿದೆ. ಹಾರಿಹೋದವು.

ಇಳಿದು ಬಂದಾಗ ಪಾತ್ರೆಯಲ್ಲೊಂದು ಉಳಿದಿತ್ತು, ನನ್ನ ಪಾಲಿನದು,
ಹನ್ನೆರಡನ್ನೂ ಪೂರ್ತಿ ಕೇಳಿಸಿಕೊಂಡದ್ದು.
ತಿಂದೆ.
ವಾಲ್ಬುರ್ಗಾ ಏಪ್ರನ್ನಿಗೆ ಕೈ ಒರೆಸುತ್ತ ನಿಂತಿದ್ದಳು.
'ಉಪ್ಪು?'
'ಅವನದಕ್ಕಿಂತ ಒಂದು ಚಿಟಿಕೆ ಕಡಿಮೆ.'
'ಗೊತ್ತು' ಅಂದಳು,
ಸಾಸಿವೆಯ ಡಬ್ಬಿ ನನ್ನತ್ತ ತಳ್ಳಿದಳು.